ಮಣಿ ಕಟ್ಟಿದ ಹೆರಳಿನ ಇತಿಹಾಸ



ಹೋದ ವರ್ಷ ಏಪ್ರಿಲ್ 14ರ ಮೆರವಣಿಗೆಗೆ ನಮ್ಮ ಓಣಿಯ ಒಬ್ಬ ಹುಡುಗಿ ತಲೆ ತುಂಬ ಸಣ್ಣ ಸಣ್ಣ ಹೆರಳು ಹಾಕಿಕೊಂಡು, ತುದಿಗೆ ನೀಲಿ ಬಿಳಿ ಮಣಿ ಪೋಣಿಸಿಕೊಂಡು ಬಂದಿದ್ದಳು. ನಾವು ಹುಡುಗರು, "ಯಾವಾಗ ಬಂದಿ ಆಫ್ರಿಕಾದಿಂದ?" ಅಂತ ನಕ್ಕೆವು. ಸಂಜೆಯೊಳಗೆ ಆಕೆ ಹೆರಳು ಬಿಚ್ಚಿಬಿಟ್ಟಿದ್ದಳು. ಈ ವರ್ಷ ಬಿ.ಎ. ಇತಿಹಾಸದಲ್ಲಿ ಗುಲಾಮರ ವ್ಯಾಪಾರದ ಪಾಠ ಬಂತು. ಅದನ್ನು ಓದ್ತಾ ಓದ್ತಾ ಆ ನಗು ನಮ್ಮದಲ್ಲ, ಬೇರೆ ಯಾರೋ ನಮಗೆ ಕಲಿಸಿದ್ದು ಅಂತ ತಿಳೀತು. ಅದಕ್ಕೇ ಸಂಘದ ಸಂಚಿಕೆಗೆ ಇದನ್ನು ಬರೆದಿದ್ದೇನೆ.

ಆಫ್ರಿಕಾದಲ್ಲಿ ಹೆರಳು ಬರೀ ಸಿಂಗಾರ ಅಲ್ಲ, ಅದೊಂದು ಗುರುತು. ನೈಜೀರಿಯಾದ ನೋಕ್ ಎಂಬಲ್ಲಿ ಸಿಕ್ಕ ಎರಡು ಸಾವಿರ ವರ್ಷಕ್ಕೂ ಹಳೆಯ ಸುಟ್ಟ ಮಣ್ಣಿನ ಗೊಂಬೆಗಳಲ್ಲಿ ತಲೆಗೂದಲಿನ ಕಟ್ಟನ್ನು ಎಷ್ಟು ಜತನದಿಂದ ಕೆತ್ತಿದ್ದಾರೆಂದರೆ, ಆ ಜನಕ್ಕೆ ಕೂದಲು ಎಂಥ ದೊಡ್ಡ ವಿಷಯವಾಗಿತ್ತು ಅನ್ನೋದು ಗೊತ್ತಾಗುತ್ತೆ. ಯೊರುಬಾ ಜನರ ನಂಬಿಕೆಯಲ್ಲಿ ಮನುಷ್ಯನ ಹಣೆಬರಹ ಇರುವುದೇ ತಲೆಯಲ್ಲಿ. ಹಾಗಾಗಿ ತಲೆ ಹಿಕ್ಕುವವರಿಗೆ ಅಲ್ಲಿ ಮರ್ಯಾದೆ. ಪಶ್ಚಿಮ ಆಫ್ರಿಕಾದ ದನಗಾಹಿ ಫುಲಾನಿ ಹೆಂಗಸರು ಕೆನ್ನೆಯ ಪಕ್ಕಕ್ಕೆ ಹೆರಳು ಇಳಿಬಿಟ್ಟು ಅದಕ್ಕೆ ಅಂಬರಿನ ಮಣಿ, ಬೆಳ್ಳಿ ನಾಣ್ಯ, ಕವಡೆ ಕಟ್ಟುತ್ತಾರೆ. ನಮೀಬಿಯಾದ ಹಿಂಬಾ ಜನರಲ್ಲಿ ಸಣ್ಣ ಹುಡುಗಿಗೆ ಮುಖದ ಮುಂದೆ ಬೀಳುವ ಎರಡು ಹೆರಳು. ದೊಡ್ಡವಳಾದ ಮೇಲೆ ಕೆಮ್ಮಣ್ಣು, ಬೆಣ್ಣೆ ಮೆತ್ತಿದ ಅನೇಕ ಹೆರಳು. ಮದುವೆಯಾಗದ ಗಂಡಿಗೆ ಹಿಂದಕ್ಕೆ ಒಂದೇ ಹೆರಳು. ಹೆರಳು ನೋಡಿದರೆ ಸಾಕು, ವಯಸ್ಸೆಷ್ಟು, ಮದುವೆಯಾಗಿದೆಯೋ ಇಲ್ಲವೋ ಹೇಳಬಹುದು.

ಇಂಥ ಹೆರಳು ಹಾಕೋದು ತಾಸುಗಟ್ಟಲೆ ಕೆಲಸ. ಬೈತಲೆ ತೆಗೆದು, ನೆತ್ತಿಗೆ ಹತ್ತಿಸಿ ಹೆಣೆಯುತ್ತ ಹೋಗಬೇಕು. ನಮ್ಮಲ್ಲಿ ಅವ್ವ ಮಗಳನ್ನು ಮೊಣಕಾಲ ನಡುವೆ ಕೂಡಿಸಿಕೊಂಡು ತಲೆ ಹಿಕ್ಕುವ ಹಾಗೇ ಅಲ್ಲೂ ಅವ್ವ, ಅಜ್ಜಿ, ಅಕ್ಕ ಕೂತು ಹೆಣೀತಾರೆ. ಹಾಗೆ ಕೂತಲ್ಲೇ ಮನೆತನದ ಕಥೆಗಳೂ ಮಗುವಿನ ಕಿವಿಗೆ ಬೀಳುತ್ತವೆ.

ಮಣಿಗಳದ್ದೂ ದೊಡ್ಡ ಕಥೆ. ಘಾನಾದ ಕ್ರೋಬೊ ಜನ ಗಾಜನ್ನು ಕುಟ್ಟಿ ಪುಡಿ ಮಾಡಿ ಮಣ್ಣಿನ ಅಚ್ಚಿಗೆ ತುಂಬುತ್ತಾರೆ. ನಡುವೆ ಮರಗೆಣಸಿನ ಎಲೆಯ ತೊಟ್ಟು ನಿಲ್ಲಿಸಿ ಒಲೆಯಲ್ಲಿಟ್ಟರೆ ತೊಟ್ಟು ಸುಟ್ಟುಹೋಗಿ ದಾರದ ತೂತು ಉಳಿಯುತ್ತೆ. ಬೆನಿನ್ ರಾಜ್ಯದಲ್ಲಿ ಹವಳದ ಮಣಿ ಅರಮನೆಯ ಗೌರವ. 16ನೇ ಶತಮಾನದ ರಾಜಮಾತೆಯ ಹಿತ್ತಾಳೆಯ ತಲೆಯಲ್ಲಿ ಎತ್ತರದ ಮುಡಿಯ ಮೇಲೆ ಹವಳದ ಬಲೆ ಕಾಣುತ್ತೆ. 1897ರಲ್ಲಿ ಬ್ರಿಟಿಷ್ ಸೈನ್ಯ ಆ ಅರಮನೆಯನ್ನು ಲೂಟಿ ಮಾಡಿತು. ನಮ್ಮ ದೇಶದ ಪಾಲೂ ಇಲ್ಲಿದೆ: ಗುಜರಾತಿನ ಖಂಭಾತದ ಕೆಂಪು ಕಲ್ಲಿನ ಮಣಿಗಳು ಹಡಗು ಹತ್ತಿ ಪೂರ್ವ ಆಫ್ರಿಕಾದ ಬಂದರುಗಳಿಗೆ ಹೋಗುತ್ತಿದ್ದವು.

ಕವಡೆಯ ಕಥೆ ಮಾತ್ರ ಕಹಿ. ಮಾಲ್ಡೀವ್ಸ್ ಕಡಲಿನ ಕವಡೆಯನ್ನು ಯುರೋಪಿನ ವ್ಯಾಪಾರಿಗಳು ಹಡಗುಗಟ್ಟಲೆ ಪಶ್ಚಿಮ ಆಫ್ರಿಕಾಕ್ಕೆ ಒಯ್ದರು. ಅಲ್ಲಿ ಅದು ದುಡ್ಡಾಗಿ ನಡೀತಿತ್ತು. ಅದೇ ದುಡ್ಡಿನಿಂದ ಮನುಷ್ಯರನ್ನು ಕೊಂಡರು. ಹೆರಳಿಗೆ ಕಟ್ಟುವ ಕವಡೆಯೇ ಹೆರಳಿನವಳ ಬೆಲೆಯೂ ಆಯಿತು.

16ನೇ ಶತಮಾನದಿಂದ 19ನೇ ಶತಮಾನದವರೆಗೆ ಸುಮಾರು 1.25 ಕೋಟಿ ಆಫ್ರಿಕನ್ನರನ್ನು ಅಟ್ಲಾಂಟಿಕ್ ದಾಟುವ ಹಡಗುಗಳಿಗೆ ತುಂಬಿದರು. ಜೀವಂತ ದಡ ಸೇರಿದವರು ಸುಮಾರು 1.07 ಕೋಟಿ. ಎಷ್ಟೋ ಸಲ ಹಡಗು ಹತ್ತಿಸುವ ಮೊದಲು ಅವರ ತಲೆ ಬೋಳಿಸುತ್ತಿದ್ದರು. ಹೇಳುವುದಕ್ಕೆ ಸ್ವಚ್ಛತೆ. ಆದರೆ ಯಾವ ಕುಲ, ಯಾವ ಊರು ಅನ್ನುವ ಗುರುತೇ ಕತ್ತಿಯ ಬಾಯಿಗೆ ಹೋಯಿತು.

ಆದರೂ ಬೇರು ಸಾಯಲಿಲ್ಲ. ತೋಟಗಳಲ್ಲಿ ಬೆವರು ಸುರಿಸಿದ ಹೆಂಗಸರು ಬಿಡುವಿನ ಭಾನುವಾರ ಒಬ್ಬರ ತಲೆ ಒಬ್ಬರು ಹೆಣೆದರು. ನೆತ್ತಿಗೆ ಅಂಟಿದ ಹೆರಳಿನ ಸಾಲಿಗೆ ಅಮೆರಿಕದಲ್ಲಿ 'ಕಾರ್ನ್‌ರೋ', ಅಂದರೆ ಜೋಳದ ಸಾಲು ಎಂಬ ಹೆಸರು ಬಂತು. ಕಬ್ಬು ಬೆಳೆಯುವ ಕೆರಿಬಿಯನ್ ದ್ವೀಪಗಳಲ್ಲಿ ಅದು 'ಕೇನ್‌ರೋ', ಕಬ್ಬಿನ ಸಾಲು. ಯಾವ ಹೊಲದಲ್ಲಿ ದುಡಿದರೋ ಆ ಹೊಲದ ಹೆಸರೇ ತಲೆಗೆ ಬಂತು! ಕೊಲಂಬಿಯಾದಲ್ಲಿ ತಪ್ಪಿಸಿಕೊಂಡ ಗುಲಾಮರು ಕಟ್ಟಿದ ಪಾಲೆಂಕೆ ಊರಿನ ಹೆಂಗಸರು, ಓಡಿಹೋಗುವ ದಾರಿಯ ನಕ್ಷೆಯನ್ನೇ ನಮ್ಮ ಹಿರಿಯರು ಹೆರಳಲ್ಲಿ ಹೆಣೆಯುತ್ತಿದ್ದರು ಅಂತ ಇಂದಿಗೂ ಹೇಳ್ತಾರೆ.

ಆಳುವವರಿಗೆ ಈ ತಲೆಗೂದಲು ಕಂಡರೆ ಸಿಟ್ಟು. 1786ರಲ್ಲಿ ಲೂಸಿಯಾನಾದ ಗವರ್ನರ್ ಎಸ್ತೆಬಾನ್ ಮಿರೊ, ಸ್ವತಂತ್ರರಾದ ಕಪ್ಪು ಹೆಂಗಸರೂ ತಲೆಗೆ ಬಟ್ಟೆ ಕಟ್ಟಲೇಬೇಕು ಅಂತ ಆಜ್ಞೆ ಮಾಡಿದ. ಅವರು ಕಟ್ಟಿದರು, ಆದರೆ ಬಣ್ಣ ಬಣ್ಣದ ಬಟ್ಟೆಯನ್ನು ಎಲ್ಲರ ಕಣ್ಣು ಕುಕ್ಕುವ ಹಾಗೆ ಕಟ್ಟಿದರು. ವರ್ಣಭೇದದ ದಕ್ಷಿಣ ಆಫ್ರಿಕಾದಲ್ಲಿ ಕೂದಲಿಗೆ ಪೆನ್ಸಿಲ್ ಸಿಕ್ಕಿಸಿ ನೋಡುತ್ತಿದ್ದರು. ಜಾರಿ ಬಿದ್ದರೆ ಬಿಳಿಯ, ಸಿಕ್ಕಿಕೊಂಡರೆ ಅಲ್ಲ.

1960ರ ದಶಕದಲ್ಲಿ 'ಕಪ್ಪೇ ಚಂದ' ಅನ್ನುವ ಕೂಗು ಎದ್ದಾಗ ಹೆರಳು ಮತ್ತೆ ತಲೆಯೆತ್ತಿತು. ಆದರೆ 1979ರಲ್ಲಿ ಬೋ ಡೆರೆಕ್ ಎಂಬ ಬಿಳಿಯ ನಟಿ ಒಂದು ಸಿನಿಮಾದಲ್ಲಿ ಮಣಿ ಹೆರಳು ಹಾಕಿದ್ದೇ ತಡ, ಅದು ಹೊಸ ಫ್ಯಾಶನ್ ಅಂತ ಲೋಕ ಹೊಗಳಿತು. ಎರಡೇ ವರ್ಷಕ್ಕೆ, 1981ರಲ್ಲಿ, ವಿಮಾನ ಕಂಪನಿಯೊಂದರ ಕಪ್ಪು ಉದ್ಯೋಗಿ ರೆನೀ ರೋಜರ್ಸ್ ಹೆರಳು ಹಾಕಿ ಕೆಲಸಕ್ಕೆ ಬರುವ ಹಕ್ಕಿಗಾಗಿ ಕೋರ್ಟಿಗೆ ಹೋದರೆ, ತೀರ್ಪು ಕಂಪನಿಯ ಕಡೆಗಾಯಿತು. ಆ ತೀರ್ಪಿನಲ್ಲೂ ಅದೇ ಬಿಳಿಯ ನಟಿಯ ಪ್ರಸ್ತಾಪ ಬಂತು! 1999ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಆಟದ ನಡುವೆ ಮಣಿ ಉದುರಿದವು ಅಂತ ವೀನಸ್ ವಿಲಿಯಮ್ಸ್‌ಗೆ ಒಂದು ಪಾಯಿಂಟ್ ದಂಡ ಬಿತ್ತು. ಅದೇ ವರ್ಷ ಆಕೆಯ ತಂಗಿ ಸೆರೆನಾ ಮಣಿ ಹೆರಳಲ್ಲೇ ಆಡಿ ಯು.ಎಸ್. ಓಪನ್ ಗೆದ್ದಳು. ಕೊನೆಗೆ 2019ರಲ್ಲಿ ಕ್ಯಾಲಿಫೋರ್ನಿಯಾ ಕಾಯ್ದೆ ಮಾಡಿ, ಕೂದಲ ಕಾರಣಕ್ಕೆ ಶಾಲೆಯಲ್ಲಿ, ಕೆಲಸದಲ್ಲಿ ಭೇದ ಮಾಡುವಂತಿಲ್ಲ ಅಂದಿತು.

ಇದೆಲ್ಲ ನಮಗ್ಯಾಕೆ ಅಂತ ಕೇಳಬಹುದು. ಜ್ಯೋತಿಬಾ ಫುಲೆ 1873ರಲ್ಲಿ 'ಗುಲಾಮಗಿರಿ' ಬರೆದಾಗ ಅದನ್ನು ಅರ್ಪಿಸಿದ್ದು ಕಪ್ಪು ಜನರ ಗುಲಾಮಗಿರಿ ತೊಡೆದ ಅಮೆರಿಕದ ಸಜ್ಜನರಿಗೆ. ಬಾಬಾಸಾಹೇಬರು 1946ರಲ್ಲಿ ಕಪ್ಪು ಚಿಂತಕ ಡು ಬೋಯಿಸ್ ಅವರಿಗೆ ಪತ್ರ ಬರೆದರು. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ಬ್ಲ್ಯಾಕ್ ಪ್ಯಾಂಥರ್ ಹೆಸರಿನಿಂದಲೇ ದಲಿತ ಪ್ಯಾಂಥರ್ ಕಟ್ಟಿದರು. ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಆಫ್ರಿಕಾ ಮೂಲದ ಸಿದ್ದಿ ಬಂಧುಗಳು ತಲೆಮಾರುಗಳಿಂದ ಬಾಳುತ್ತಿದ್ದಾರೆ.

ನಮ್ಮ ತಲೆಗೂ ಇಂಥದ್ದೇ ಇತಿಹಾಸ ಇದೆ. ಅಜ್ಜನ ಕಾಲಕ್ಕೆ ಊರಲ್ಲಿ ಕ್ಷೌರದವರು ನಮ್ಮವರ ತಲೆ ಮುಟ್ಟುತ್ತಿರಲಿಲ್ಲ. ಈ ಗಡಿ ಸೀಮೆಯಲ್ಲಿ ಬಡವರ ಹುಡುಗಿಯ ಕೂದಲು ಗಂಟುಕಟ್ಟಿದರೆ "ಎಲ್ಲವ್ವನ ಜಡಿ ಬಂತು" ಅಂತ ಹೇಳಿ ದೇವರಿಗೆ ಬಿಟ್ಟರು. ನಮ್ಮ ಕೂದಲಿನ ಅರ್ಥವನ್ನು ಯಾವಾಗಲೂ ಬೇರೆಯವರೇ ಹೇಳಿದರು. ಅಂಥ ನಾವೇ ಇನ್ನೊಬ್ಬರ ಹೆರಳು ನೋಡಿ ನಗೋದೇ?

ಆ ತಂಗಿ ಈ ಲೇಖನ ಓದುತ್ತಾಳೆ ಅಂತ ನನಗೆ ಗೊತ್ತು. ತಂಗೀ, ನಕ್ಕಿದ್ದು ನನ್ನ ತಪ್ಪು. ಈ ಸಲದ ಜಯಂತಿಗೆ ಆ ಮಣಿ ಹೆರಳು ಮತ್ತೆ ಹಾಕಿಕೊಂಡು ಬಾ. ಯಾರಾದರೂ ಆಫ್ರಿಕಾ ಅಂದರೆ ಹೌದು ಅನ್ನು, ಮತ್ತೆ ಈ ಕಥೆ ಹೇಳು.

ಜೈ ಭೀಮ್.