ಲಾಂಛನ: ತಾಮ್ರಪಟದಿಂದ ಸಾಬೂನಿನ ಪೆಟ್ಟಿಗೆಯವರೆಗೆ

ಅಮರಸಿಂಹನು ತನ್ನ ಕೋಶದಲ್ಲಿ ಲಾಂಛನವೆಂಬ ಶಬ್ದವನ್ನು ಚಿಹ್ನಕ್ಕೂ ಕಲಂಕಕ್ಕೂ ಸಮಾನಾರ್ಥಕವಾಗಿ ಎಣಿಸಿರುವನು. ಇದು ಮೊದಲು ವಿಚಿತ್ರವಾಗಿ ತೋರಬಹುದು. ಆದರೆ ಚಂದ್ರನ ಮೈಮೇಲಣ ಕಲೆಯು ಕಲಂಕವೂ ಹೌದು, ಗುರುತೂ ಹೌದು. ಒಂದು ವಸ್ತುವನ್ನು ಮಿಕ್ಕವುಗಳಿಂದ ಬೇರ್ಪಡಿಸಿ, ನೋಡಿದವನಿಂದ ‘ಇದು ಅದೇ’ ಎನ್ನಿಸುವುದೇ ಲಾಂಛನದ ಧರ್ಮ. ಇಂದಿನ ವಾಣಿಜ್ಯದಲ್ಲಿ ‘ಲೋಗೊ’ ಎನ್ನಿಸಿಕೊಳ್ಳುವ ಚಿಹ್ನೆಯು ಆ ಧರ್ಮದ ಕಿರಿಯ ಸಂತಾನವೇ ಸರಿ. ಹಿರಿಯರನ್ನು ವಸ್ತುಸಂಗ್ರಹಾಲಯದ ಗಾಜಿನ ಬೀರುವಿನಲ್ಲಿ ಆದರದಿಂದಿಟ್ಟು, ಕಿರಿಯರನ್ನು ಕಸದ ಬುಟ್ಟಿಗೆ ಹಾಕುವುದು ನ್ಯಾಯವೆ? ಈ ಪ್ರಶ್ನೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಪೂರ್ವಕಾಲದ ಅರಸರು ದತ್ತಿಯನ್ನು ಕೊಡುವಾಗ ಶಾಸನವನ್ನು ತಾಮ್ರದ ಪಟಗಳ ಮೇಲೆ ಬರೆಯಿಸಿ, ಪಟಗಳ ರಂಧ್ರದಲ್ಲಿ ಬಳೆಯನ್ನು ತೂರಿಸಿ, ಬಳೆಯ ತುದಿಗಳನ್ನು ಮುದ್ರೆಯಿಂದ ಬಂಧಿಸುತ್ತಿದ್ದರು. ಆ ಮುದ್ರೆಯಲ್ಲಿ ಬಾದಾಮಿಯ ಚಾಲುಕ್ಯರಿಗೆ ವರಾಹವೂ, ತಲಕಾಡಿನ ಗಂಗರಿಗೆ ಆನೆಯೂ, ರಾಷ್ಟ್ರಕೂಟರಿಗೆ ಗರುಡನೂ ಲಾಂಛನವಾಗಿದ್ದಿತು. ಓದಲರಿಯದವನು ಸಹ ಚಿತ್ರವನ್ನು ನೋಡಿದ ಮಾತ್ರದಿಂದ ಇದು ಯಾವ ಅರಸನ ಮಾತೆಂದು ತಿಳಿಯಬಹುದಾಗಿತ್ತು. ಲಾಂಛನಕ್ಕೆ ಬೆಲೆಯಿದ್ದುದರಿಂದಲೇ ಅದನ್ನು ಅನುಕರಿಸುವ ಕಪಟವೂ ಹುಟ್ಟಿತು. ಗಂಗರ ಹೆಸರಿನ ಹಲವು ತಾಮ್ರಶಾಸನಗಳು ಕೂಟಶಾಸನಗಳೆಂದು ವಿದ್ವಾಂಸರು ನಿರ್ಣಯಿಸಿರುವರು. ಇಂದು ಪೇಟೆಯಲ್ಲಿ ಕಾಣುವ ನಕಲಿ ಸರಕು ಹೊಸ ಪಾಪವಲ್ಲವೆಂಬುದು ಇದರಿಂದ ತಿಳಿಯುವುದು.

ಲಾಂಛನವು ಕಾಲಕಾಲಕ್ಕೆ ರೂಪವನ್ನು ಬದಲಿಸುತ್ತ ಬರುವ ಬಗೆಗೆ ನಮ್ಮ ಗಂಡಭೇರುಂಡವೇ ನಿದರ್ಶನ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ೧೦೪೭ರಲ್ಲಿ ಚಾಮುಂಡರಾಯರಸನು ನಿಲ್ಲಿಸಿದ ಕಂಬದಲ್ಲಿ ಅದಕ್ಕೆ ಮನುಷ್ಯನ ದೇಹ, ಹಕ್ಕಿಯ ಎರಡು ತಲೆ. ವಿಜಯನಗರದ ಅಚ್ಯುತದೇವರಾಯನ ಚಿನ್ನದ ನಾಣ್ಯಗಳಲ್ಲಿ ಅದು ಕೊಕ್ಕುಗಳಲ್ಲಿಯೂ ಉಗುರುಗಳಲ್ಲಿಯೂ ಆನೆಗಳನ್ನು ಹಿಡಿದ ಪಕ್ಷಿ. ಮೈಸೂರಿನ ಒಡೆಯರು ಅದನ್ನು ರಾಜಚಿಹ್ನೆಯಾಗಿ ಧರಿಸಿದರು. ಅರಸೊತ್ತಿಗೆ ಮುಗಿದ ಮೇಲೆಯೂ ಕರ್ನಾಟಕದ ರಾಜ್ಯಚಿಹ್ನೆಯಲ್ಲಿ ಅದು ಕೆಂಪು ಗುರಾಣಿಯ ನಡುವೆ ನೆಲೆಸಿದೆ. ಮೇಲ್ಗಡೆ ಸಾರನಾಥದ ಸಿಂಹಗಳಿವೆ. ಇಕ್ಕೆಲಗಳಲ್ಲಿ ಎರಡು ಶರಭಗಳು ಗುರಾಣಿಯನ್ನು ಕಾಯುತ್ತಿವೆ.

ಈ ಶರಭವೇ ಅರಮನೆಯಿಂದ ಹೊರಟು ಸಾಮಾನ್ಯ ಗೃಹಸ್ಥನ ಬಚ್ಚಲುಮನೆಯನ್ನು ಸೇರಿದ ಕಥೆಯು ಇನ್ನೂ ಸ್ವಾರಸ್ಯವಾಗಿದೆ. ಒಂದನೆಯ ಮಹಾಯುದ್ಧದಿಂದ ಮೈಸೂರಿನ ಗಂಧದ ಮರಕ್ಕೆ ಯೂರೋಪಿನ ಮಾರುಕಟ್ಟೆ ಮುಚ್ಚಿಹೋಯಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಪ್ರಭುತ್ವದಲ್ಲಿ, ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ೧೯೧೬ರಲ್ಲಿ ಇಲ್ಲಿಯೇ ಗಂಧದೆಣ್ಣೆಯನ್ನು ತೆಗೆಯಲಾರಂಭಿಸಿದರು. ಅದರ ಬೆನ್ನಿಗೇ ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆಯು ಬೆಳೆಯಿತು. ಇಂಗ್ಲೆಂಡಿನಲ್ಲಿ ಈ ವಿದ್ಯೆಯನ್ನು ಕಲಿತುಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳು ಅದಕ್ಕೆ ರೂಪವನ್ನು ಕೊಟ್ಟರು. ಅಂಡಾಕಾರದ ಬಿಲ್ಲೆ, ಒಡವೆಯ ಪೆಟ್ಟಿಗೆಯನ್ನು ಹೋಲುವ ಹೊದಿಕೆ, ಅದರ ಮೇಲೆ ಆನೆಯ ತಲೆಯೂ ಸಿಂಹದ ಒಡಲೂ ಉಳ್ಳ ಶರಭ. ಪುರಾಣಗಳ ಶರಭವಾದರೋ ಎಂಟು ಕಾಲಿನದು, ಸಿಂಹವನ್ನೇ ಮರ್ದಿಸತಕ್ಕದ್ದು. ಆನೆಸಿಂಹಗಳು ಬೆರೆತ ರೂಪವನ್ನು ನಮ್ಮ ದೇವಾಲಯಗಳ ಕಂಬಗಳಲ್ಲಿ ವ್ಯಾಳಿಯಾಗಿ ಕಾಣುವೆವು. ಗ್ರಂಥದ ಹೆಸರೂ ಶಿಲ್ಪಿಯ ರೂಪವೂ ಒಂದು ಸಾಬೂನಿನ ಪೆಟ್ಟಿಗೆಯ ಮೇಲೆ ಒಂದಾಗಿರುವುವು. ಇದನ್ನು ಹರಿದೆಸೆಯುವಾಗ ನಾವು ಏನನ್ನು ಎಸೆಯುತ್ತಿರುವೆವು?

ಕಾನೂನು ಕೂಡ ಈ ಚಿಹ್ನೆಗಳನ್ನು ಆಸ್ತಿಯೆಂದು ಭಾವಿಸುವುದು. ಇಂಗ್ಲೆಂಡಿನಲ್ಲಿ ನೋಂದಣಿಯು ೧೮೭೬ನೆಯ ಜನವರಿ ೧ರಂದು ಮೊದಲಾಗಲು, ಬ್ಯಾಸ್ ಎಂಬ ಮದ್ಯದ ವ್ಯಾಪಾರಿಗಳ ಕೆಂಪು ತ್ರಿಕೋನವು ಮೊದಲನೆಯದಾಗಿ ದಾಖಲೆಯಾಯಿತು. ಭರತಖಂಡದಲ್ಲಿ ಇಂತಹ ನೋಂದಣಿಗೆ ೧೯೪೦ರ ಶಾಸನದಿಂದ ದಾರಿಯಾಯಿತು. ಆದರೆ ಕಾನೂನು ಕಾಪಾಡುವುದು ಒಡೆಯನ ಹಕ್ಕನ್ನೇ ಹೊರತು ಚಿತ್ರದ ಚರಿತ್ರೆಯನ್ನಲ್ಲ. ಯಾರು ಬರೆದರು, ಮೊದಲ ಕರಡು ಹೇಗಿತ್ತು, ಯಾವಾಗ ಏಕೆ ಬದಲಾಯಿತು ಎಂಬುದನ್ನು ಉಳಿಸುವ ಭಾರವು ವಸ್ತುಸಂಗ್ರಹಾಲಯದ ಮೇಲೆ ಬೀಳುವುದು. ಇಂಗ್ಲೆಂಡಿನಲ್ಲಿ ರಾಬರ್ಟ್ ಓಪಿ ಎಂಬವರು ೧೯೬೩ರಲ್ಲಿ, ತಮ್ಮ ಹದಿನಾರನೆಯ ವಯಸ್ಸಿನಲ್ಲಿ, ತಿಂಡಿಯ ಹೊದಿಕೆಯೊಂದನ್ನು ಎಸೆಯದೆ ಎತ್ತಿಟ್ಟರು. ಆ ಸಂಗ್ರಹವೇ ಬೆಳೆದು ೧೯೮೪ರಲ್ಲಿ ಗ್ಲಾಸ್ಟರ್ ನಗರದಲ್ಲಿ ಪ್ರದರ್ಶನಶಾಲೆಯಾಯಿತು. ಮುಂದೆ ಲಂಡನ್ನಿಗೆ ಹೋಯಿತು.

ಇಲ್ಲಿ ಒಂದು ಆಕ್ಷೇಪವುಂಟು. ವ್ಯಾಪಾರದ ಚಿಹ್ನೆಗಳನ್ನು ಪ್ರದರ್ಶಿಸಿದರೆ ಸಂಗ್ರಹಾಲಯವು ಜಾಹೀರಾತಿನ ಚಾವಡಿಯಾಗಲಾರದೆ? ಚಿಹ್ನೆಯೊಂದನ್ನೇ ಹಿಗ್ಗಿಸಿ ಗೋಡೆಗೆ ತೂಗುಹಾಕಿದರೆ ಹಾಗೆಯೇ ಆದೀತು. ಆದರೆ ಅದರ ಪಕ್ಕದಲ್ಲಿ ಕಲೆಗಾರನ ಕರಡು, ಅಚ್ಚಿನ ಕಲ್ಲು, ಅದನ್ನು ಅನುಕರಿಸಿದ ಕಳ್ಳ ಮುದ್ರೆ, ಕಾಲಾನುಸಾರವಾಗಿ ಬದಲಾದ ರೂಪಗಳು, ಇವನ್ನೆಲ್ಲ ವರ್ಷಸಹಿತವಾಗಿ ಇಟ್ಟರೆ ಅದು ಜಾಹೀರಾತಲ್ಲ, ಇತಿಹಾಸ. ಚಾಲುಕ್ಯರ ವರಾಹಮುದ್ರೆಯನ್ನು ನೋಡಿ ನಾವು ಆ ಅರಸರ ಪ್ರಜೆಗಳಾಗುವುದಿಲ್ಲವಷ್ಟೆ. ಸಾಬೂನಿನ ಶರಭವನ್ನು ನೋಡಿದವನು ಗಿರಾಕಿಯೇ ಆಗಬೇಕೆಂದಿಲ್ಲ.

ತಾಮ್ರವು ಸಾವಿರ ವರ್ಷ ಮಣ್ಣಿನಲ್ಲಿ ಬಾಳುವುದು. ಕಾಗದಕ್ಕೆ ಒಂದು ಮಳೆಗಾಲವೂ ಒಂದು ಗೆದ್ದಲಿನ ಗೂಡೂ ಸಾಕು. ಆದುದರಿಂದ ಈ ಕೆಲಸಕ್ಕೆ ಕಾಲಾವಕಾಶವು ಕಡಮೆ. ಪ್ರತಿಯೊಂದು ಊರಿನಲ್ಲಿಯೂ ಹಳೆಯ ಅಚ್ಚುಕೂಟ, ಊದುಬತ್ತಿಯ ಅಂಗಡಿ, ನೇಯ್ಗೆಯ ಮಗ್ಗ, ಬೆಂಕಿಪೆಟ್ಟಿಗೆಯ ಚೀಟಿ ಇದ್ದೇ ಇರುವುವು. ಜಿಲ್ಲೆಯ ಸಾಹಿತ್ಯಸಂಘಗಳು ತಮ್ಮ ಪುಸ್ತಕಭಂಡಾರದಲ್ಲಿ ಒಂದು ಬೀರುವನ್ನು ಇದಕ್ಕಾಗಿ ಮೀಸಲಿಟ್ಟು, ಸಿಕ್ಕ ಚೀಟಿಗಳ ಹಿಂಭಾಗದಲ್ಲಿ ಊರನ್ನೂ ವರ್ಷವನ್ನೂ ಬರೆದಿಡುವುದಾದರೆ, ಮುಂದಿನ ಚರಿತ್ರಕಾರನಿಗೆ ಅದಕ್ಕಿಂತ ಹೆಚ್ಚಿನ ದತ್ತಿಯು ಬೇಕಿಲ್ಲ. ವಾಚಕರು ತಮ್ಮ ಮನೆಯ ಹಳೆಯ ಟ್ರಂಕಿನ ತಳವನ್ನು ಒಮ್ಮೆ ನೋಡುವರಾಗಲಿ.