ಕಾರಿನ ಆಡಿಯೊ ವ್ಯವಸ್ಥೆಗೆ ವಿದ್ಯುತ್ ಪೂರೈಕೆ

ಕಾರಿನ ಸ್ಟೀರಿಯೊ, ಆಂಪ್ಲಿಫೈಯರ್‌ಗಳಿಗೆ ವಾಹನದ ಆಲ್ಟರ್ನೇಟರ್ ಹಾಗೂ ಬ್ಯಾಟರಿಯಿಂದ ವಿದ್ಯುತ್ ಒದಗಿಸುವ ಏರ್ಪಾಡು. ಎಂಜಿನ್ ಓಡುವಾಗ ಬೆಲ್ಟಿನಿಂದ ತಿರುಗುವ ಆಲ್ಟರ್ನೇಟರ್ ಉತ್ಪಾದಿಸುವ ಪರ್ಯಾಯ ವಿದ್ಯುತ್ತನ್ನು ಡಯೋಡುಗಳು ನೇರ ವಿದ್ಯುತ್ತಾಗಿ ಮಾರ್ಪಡಿಸುತ್ತವೆ. ರೆಗ್ಯುಲೇಟರ್ ವೋಲ್ಟೇಜನ್ನು ಸಾಮಾನ್ಯವಾಗಿ 13.5ರಿಂದ 14.5 ವೋಲ್ಟಿನೊಳಗೆ ಇರಿಸುತ್ತದೆ. ಎಂಜಿನ್ ನಿಂತಾಗ ಇಡೀ ಹೊರೆ 12 ವೋಲ್ಟಿನ ಬ್ಯಾಟರಿಯ ಮೇಲೆ ಬೀಳುತ್ತದೆ.

14 ವೋಲ್ಟಿನಲ್ಲಿ 700 ವ್ಯಾಟ್ ಸೆಳೆಯುವ ಆಂಪ್ಲಿಫೈಯರಿಗೆ 50 ಆಂಪಿಯರ್ ಪ್ರವಾಹ ಬೇಕು. ಎಂಜಿನ್ ನಿಧಾನವಾಗಿ ತಿರುಗುವಾಗ ಆಲ್ಟರ್ನೇಟರ್ ಇಷ್ಟನ್ನು ಕೊಡಲಾಗದಿದ್ದರೆ ವೋಲ್ಟೇಜ್ ಕುಸಿದು, ಸಬ್‌ವೂಫರಿನ ಪ್ರತಿ ಬಡಿತಕ್ಕೂ ಹೆಡ್‌ಲೈಟ್ ಮಂಕಾಗಬಹುದು. ದಪ್ಪ ತಾಮ್ರದ ತಂತಿ, ಭದ್ರವಾದ ಅರ್ತಿಂಗ್, ಹೆಚ್ಚು ಸಾಮರ್ಥ್ಯದ ಆಲ್ಟರ್ನೇಟರ್ ಇದಕ್ಕೆ ಪರಿಹಾರ. ಶಾರ್ಟ್ ಸರ್ಕ್ಯೂಟಿನಿಂದ ಬೆಂಕಿ ಹೊತ್ತಿಕೊಳ್ಳದಂತೆ ಬ್ಯಾಟರಿಯ ಸಮೀಪವೇ ಫ್ಯೂಸ್ ಅಳವಡಿಸುವುದು ಅತ್ಯಗತ್ಯ.