ಬಾಗಿಲ ಮೇಲಿನ ಮಾತು, ಬೆಂಚಿನ ಮೇಲಿನ ಜಾತಿ

1856ರ ಜೂನಿನಲ್ಲಿ ಒಬ್ಬ ಮಹಾರ ಹುಡುಗ ಮುಂಬೈ ಸರ್ಕಾರಕ್ಕೆ ಅರ್ಜಿ ಬರೆದ. ಫೀಸು ಕಟ್ತೀನಿ ಅಂದ್ರೂ ಧಾರವಾಡದ ಸರ್ಕಾರಿ ಶಾಲೆ ತನ್ನನ್ನು ಸೇರಿಸಿಕೊಳ್ಳಲಿಲ್ಲ ಅನ್ನೋದು ಅವನ ದೂರು. ಇವನೊಬ್ಬನಿಗಾಗಿ ಉಳಿದವರೆಲ್ಲ ಶಾಲೆ ಬಿಟ್ಟಾರು ಅಂತ ಸರ್ಕಾರ ಕೈ ತೊಳೆದುಕೊಂಡಿತು. ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂದು ಕಂಪನಿಯ ನಿರ್ದೇಶಕರು 1858ರಲ್ಲಿ ಬರೆದರು. ಕಾಗದ ಬಂತು, ಬಾಗಿಲು ತೆರೀಲಿಲ್ಲ.

ಹಾಗಾದ್ರೆ ಮಿಶನ್ ಶಾಲೆಗಳ ಬಾಗಿಲು? ‘ಪಾದ್ರಿಗಳು ಇಲ್ಲದಿದ್ದರೆ ನಮಗೆಲ್ಲಿ ಅಕ್ಷರ’ ಅಂತ ನಮ್ಮವರು ಅಂತಾರೆ. ‘ಮತಾಂತರಕ್ಕೇ ಶಾಲೆ ಕಟ್ಟಿದರು’ ಅಂತ ಇನ್ನೊಂದು ಗುಂಪು ಅರಚುತ್ತೆ. ಎರಡನ್ನೂ ಬದಿಗಿಟ್ಟು ಬೆಂಚಿನ ಮೇಲೆ ಯಾರು ಕೂತಿದ್ದರು ಅಂತ ನೋಡೋಣ.

ಬಾಸೆಲ್ ಮಿಶನ್ ಮಂಗಳೂರಿಗೆ ಬಂದದ್ದು 1834ರಲ್ಲಿ. 1836ರಲ್ಲಿ ಕನ್ನಡ ಶಾಲೆ, 1838ರಲ್ಲಿ ಇಂಗ್ಲಿಷ್ ಶಾಲೆ. ದೇವರ ಮುಂದೆ ಎಲ್ಲರೂ ಸಮ, ದುಡಿಮೆ ಹೀನವಲ್ಲ, ಸಭೆ ಸೇರುವವನು ಜಾತಿ ಬಿಡಬೇಕು—ಇದು ಅವರ ಕಾಣ್ಕೆ. ಆ ಕಾಲಕ್ಕೆ ಸಣ್ಣ ಮಾತಲ್ಲ ಇದು. ಆದರೆ ಇಂಗ್ಲಿಷ್ ಶಾಲೆಯಲ್ಲಿ ಕೂತವರು ಹೆಚ್ಚಾಗಿ ಮೇಲ್ಜಾತಿಯ ಹುಡುಗರು. ಅವರಿಗೆ ಬೇಕಾದದ್ದು ಕಚೇರಿ ಕೆಲಸ. ಪಾದ್ರಿಗಳಿಗೆ ಬೇಕಾದದ್ದು ಅವರ ಮನಸ್ಸು. 1844ರಲ್ಲಿ ಆ ಶಾಲೆಯಲ್ಲಿ ಓದಿದ್ದ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಊರೆಲ್ಲ ಗದ್ದಲ.

ಮುಂದೇನಾಯ್ತು? ಆನಂದರಾಯರು ಬಾಸೆಲ್ಲಿಗೆ ಹೋಗಿ ಓದಿ ಬೋಧಕರಾಗಿ ಬಂದರು. ಕೊಡಗಿನಲ್ಲಿ ಕ್ರೈಸ್ತರಾದ ಹೊಲೆಯರಿಗಾಗಿ ಎದ್ದ ಊರಿಗೆ ಅವರದೇ ಹೆಸರು: ಆನಂದಪುರ. ಜೀತದಲ್ಲಿದ್ದವರಿಗೆ ಅಲ್ಲಿ ನೆಲೆ ಸಿಕ್ಕಿತು, ಸುಳ್ಳಲ್ಲ. ಬ್ರಾಹ್ಮಣನಿಗೆ ಸಿಕ್ಕಿದ್ದು ಪುಸ್ತಕ, ಪೀಠ; ಹೊಲೆಯನಿಗೆ ಸಿಕ್ಕಿದ್ದು ಮತ್ತೆ ಗುದ್ದಲಿ. ಮಂಗಳೂರಲ್ಲೂ ಹಾಗೇ. ಹೊಸದಾಗಿ ಕ್ರೈಸ್ತರಾದ ಕೆಳಜಾತಿಯವರಿಗೆ ಸಭೆಯ ಸಣ್ಣ ಶಾಲೆ. ಆಮೇಲೆ ಮಗ್ಗ, 1865ರಿಂದ ಹಂಚಿನ ಕಾರ್ಖಾನೆ. ಓದೋದು, ಎಣಿಸೋದು ಅವರಿಗೂ ಬಂತು. ಪ್ರೌಢ ಶಿಕ್ಷಣದ ಮೆಟ್ಟಿಲು ಮಾತ್ರ ದೂರವೇ ಉಳಿಯಿತು.

ಮಿಶನ್ ಬಂದು ಅರ್ಧ ಶತಮಾನ ದಾಟಿದ ಮೇಲೆ, 1892ರಲ್ಲಿ, ಕುದ್ಮುಲ್ ರಂಗರಾಯರು ಅದೇ ಮಂಗಳೂರಲ್ಲಿ ಅಸ್ಪೃಶ್ಯ ಮಕ್ಕಳಿಗೆ ಬೇರೆ ಶಾಲೆ ತೆರೆದರು. ಇರೋ ಬಾಗಿಲುಗಳು ಸಾಕಾಗಿದ್ದರೆ ಇನ್ನೊಂದು ಯಾಕೆ ಬೇಕಿತ್ತು?

ಧಾರವಾಡದ ಆ ಹುಡುಗನ ಕತೆಯನ್ನು 1928ರಲ್ಲಿ ಸೈಮನ್ ಆಯೋಗದ ಮುಂದಿಟ್ಟವರು ಬಾಬಾಸಾಹೇಬರು. ಅವರು ಕೇಳಿದ್ದು ಕರುಣೆ ಅಲ್ಲ, ಹಕ್ಕು. ಮಿಶನ್ ಶಾಲೆ ಕರುಣೆಯನ್ನು ಧಾರಾಳವಾಗಿ ಕೊಟ್ಟಿತು. ಹಕ್ಕಿನ ಮಾತು ಬಂದಾಗ ಅದೂ ಊರಿನ ಮುಖ ನೋಡಿತು.

ನಮ್ಮಜ್ಜ ಜಗಲಿಯ ಕೆಳಗೆ ನಿಂತು ಒಳಗಿನ ಮಗ್ಗಿ ಕೇಳಿಸಿಕೊಂಡವನು. ನಾನು ಡಿಗ್ರಿ ಮಾಡಿದೆ. ನಡುವೆ ಇದ್ದದ್ದು ಮೂರು ಗಜ ಜಾಗ, ಎರಡು ತಲೆಮಾರು. 2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳಲ್ಲಿ ನಮ್ಮಂಥವರ ಮಕ್ಕಳಿಗೆ ನೂರಕ್ಕೆ 25 ಸೀಟು ಬರೆಯಿತು. ಅಲ್ಪಸಂಖ್ಯಾತರ ಶಾಲೆಗಳಿಗೆ ಅದು ಅನ್ವಯಿಸದು ಅಂತ 2014ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು.

ಮೇಷ್ಟ್ರೇ, ಗೆಳೆಯರೇ, ಎಲ್ಲರೂ ದೇವರ ಮಕ್ಕಳು ಅಂತ ಬೋರ್ಡು ಹಾಕಿದ ಶಾಲೆಗೆ ಕಾಯ್ದೆ ಯಾಕೆ ಬೇಕು? ಕಾನೂನು ಬಿಟ್ಟರೂ ಯೇಸು ಬಿಟ್ಟಿಲ್ಲವಲ್ಲ. ಒಳಗೆ ಹೋಗಿ ಕೇರಿಯ ಮಕ್ಕಳು ಎಷ್ಟು ಜನ ಅಂತ ಎಣಿಸಿ. ಆ ಶಾಲೆಯ ಕಾಣ್ಕೆ ಅಷ್ಟೇ.